ಗಡಿಯ ಮಾತು, ಬಾಳಿನ ಲೆಕ್ಕ
(ಕಂದಲಗಾಂವದ ಕನ್ನಡ ಬಂಧುಗಳ ಮುಂದೆ ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಹೀಗೆ ಕೂಡಿದಾಗ ನಾವು ನುಡಿಯ ಹಿರಿಮೆಯನ್ನು ಕೊಂಡಾಡಿ ಸಂತೋಷದಿಂದ ಮನೆಗೆ ಮರಳುವುದು ವಾಡಿಕೆ. ಇಂದು ಸ್ವಲ್ಪ ಒರಟಾದ ವಿಷಯವೊಂದನ್ನು ಎತ್ತಿಕೊಳ್ಳಲು ತಮ್ಮ ಅಪ್ಪಣೆ ಬೇಡುತ್ತೇವೆ. ಗಡಿಯ ಚಳವಳಿಯಲ್ಲಿ ನುಡಿಯ ಮಾತಿನ ಬೆನ್ನಿಗೆ ಹಣದ ಮಾತೂ ಬರುತ್ತದೆ. ಗಡಿ ಸರಿದರೆ ನೀರು ಬಂದೀತು, ರಸ್ತೆ ಆದೀತು, ಬಡತನ ನೀಗೀತು ಎಂಬುದೇ ಆ ಮಾತು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡದೆ ಹಣ ಎಣಿಸುವುದಿಲ್ಲ. ಈ ಮಾತನ್ನೂ ಹಾಗೆಯೇ ಪರೀಕ್ಷಿಸಬೇಕಾಗಿದೆ.

1956ರ ನವೆಂಬರ 1ರಂದು ವಿಜಾಪುರ, ಧಾರವಾಡ ಮೊದಲಾದ ಜಿಲ್ಲೆಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು. ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಮೈಸೂರಿಗೆ ಸೇರಿಸಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಿತು. 2022ರ ನವೆಂಬರದಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಪ್ರದೇಶ ತಮ್ಮ ರಾಜ್ಯಕ್ಕೆ ಸೇರಬೇಕೆಂದರು. ಅದೇ ಹೊತ್ತಿಗೆ ಅಕ್ಕಲಕೋಟ ತಾಲೂಕಿನ ಕೆಲವು ಹಳ್ಳಿಗಳ ಜನ, ರಸ್ತೆ ನೀರು ಕೊಡಿರಿ, ಇಲ್ಲವಾದರೆ ಕರ್ನಾಟಕಕ್ಕೆ ಹೋಗಗೊಡಿರಿ ಎಂದರು. ಆ ಡಿಸೆಂಬರದಲ್ಲಿ ಎರಡೂ ರಾಜ್ಯಗಳ ವಿಧಾನಮಂಡಲಗಳು ಒಂದಕ್ಕೊಂದು ಎದುರಾದ ಠರಾವುಗಳನ್ನು ಮಾಡಿದವು.

ಆ ಹಳ್ಳಿಗಳ ನೋವು ಸುಳ್ಳಲ್ಲ. ಆದರೆ ನೋವು ನಿಜವಾದ ಮಾತ್ರಕ್ಕೆ ಹೇಳಿದ ಮದ್ದೂ ನಿಜವಾಗಲಾರದು. ನಮ್ಮ ಕೆಟ್ಟ ರಸ್ತೆಯನ್ನು ಆಚೆಯ ಒಳ್ಳೆಯ ರಸ್ತೆಯೊಡನೆ ಹೋಲಿಸುವುದು ಸುಲಭ. ದೂರದ ಬೆಟ್ಟ ನುಣ್ಣಗೆ. ಅಕ್ಕಲಕೋಟೆಯ ನೆರೆಯ ಆಳಂದ, ಅಫಜಲಪುರಗಳು 1956ರಿಂದಲೂ ಕನ್ನಡ ರಾಜ್ಯದಲ್ಲಿಯೇ ಇವೆ. ಹಾಗಿದ್ದರೂ 2002ರಲ್ಲಿ ನಂಜುಂಡಪ್ಪ ಸಮಿತಿಯು ಕರ್ನಾಟಕದ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಎಣಿಸಿತು. ಕಲಬುರ್ಗಿಯ ಸೀಮೆಗೆ ಸಂವಿಧಾನದಲ್ಲಿ 371ಜೆ ಎಂಬ ವಿಶೇಷ ವಿಧಿಯೇ ಬೇಕಾಯಿತು. ಇತ್ತ ಮಹಾರಾಷ್ಟ್ರದಲ್ಲಿಯೂ ಪ್ರದೇಶ ಪ್ರದೇಶಗಳ ನಡುವಿನ ಅಸಮತೋಲನವನ್ನು ಅಳೆಯಲು ದಾಂಡೇಕರ ಸಮಿತಿ ಕೂಡಬೇಕಾಯಿತು. ರಾಜಧಾನಿಗೆ ದೂರವಾದವರ ಕೂಗು ಎರಡೂ ಕಡೆ ತಡವಾಗಿಯೇ ಕೇಳಿಸುತ್ತದೆ. ಬರಿಯ ರಾಜ್ಯದ ಹೆಸರು ಬದಲಾದರೆ ಆ ದೂರ ಕಡಿಮೆಯಾಗದು.

ಇನ್ನು ನೀರಿನ ಮಾತು. ನಮ್ಮ ಭೀಮೆ ಕೃಷ್ಣೆಯ ಉಪನದಿ. ಬಚಾವತ ನ್ಯಾಯಮಂಡಲಿಯು ಕೃಷ್ಣಾ ಕೊಳ್ಳದ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ನಕಾಶೆಯ ಗೆರೆ ಅಳಿಸಿದರೆ ಉಜನಿಯ ಅಣೆಕಟ್ಟಿಗೆ ಒಂದು ಕೊಡ ನೀರೂ ಹೆಚ್ಚಿಗೆ ಬಾರದು. ಹೊಲಕ್ಕೆ ನೀರು ಬರುವುದು ಕಾಲುವೆಯಿಂದ, ಪಂಪಿನಿಂದ, ವಿದ್ಯುತ್ತಿನಿಂದ. ಆದುದರಿಂದ ಆಶ್ವಾಸನೆ ಕೊಡುವವರನ್ನು ನಾವು ಕೇಳಬೇಕು: ಯಾವ ಕಾಲುವೆ? ಎಲ್ಲಿಂದ? ಎಷ್ಟು ಎಕರೆಗೆ? ಯಾವ ವರ್ಷಕ್ಕೆ? ಹಣ ಯಾರದು?

ಜಮೆಯ ಕಡೆಯನ್ನಷ್ಟೇ ಓದಿ ಖರ್ಚಿನ ಕಡೆಯನ್ನು ಮುಚ್ಚಿಟ್ಟರೆ ಅದು ಲೆಕ್ಕವಲ್ಲ. ನಮ್ಮ ಉಳ್ಳಾಗಡ್ಡಿ ಹೋಗುವುದು ಸೊಲ್ಲಾಪುರದ ಪೇಟೆಗೆ; ನಮ್ಮ ಹುಡುಗರು ದುಡಿಯುವುದೂ ಅಲ್ಲಿಯೇ. ಸಹಕಾರಿ ಸಂಘದ ಸಾಲ, ಹೊಲದ ಉತಾರೆ, ಜಾತಿಯ ದಾಖಲೆ, ರೇಷನ್ ಕಾರ್ಡು ಇವೆಲ್ಲ ಬದಲಾಗಬೇಕಾದಾಗಿನ ತೊಡಕನ್ನೂ ಎಣಿಸಬೇಕು. ಎಣಿಸಿದ ಮೇಲೆಯೂ ಲಾಭವೇ ಉಳಿದೀತು. ಆದರೆ ಎಣಿಸದೆ ಹೇಳಲಾಗದು.

ಹಾಗಾದರೆ ಕನ್ನಡದ ಹಕ್ಕನ್ನು ಬಿಡಬೇಕೇ? ಎಂದಿಗೂ ಇಲ್ಲ. ಈ ಎಚ್ಚರಿಕೆಯನ್ನು ಹೇಳುವುದೇ ಆ ಹಕ್ಕಿನ ರಕ್ಷಣೆಗಾಗಿ. ಬಳ್ಳಾರಿಯ ಕಥೆಯನ್ನು ನೆನೆಯಿರಿ. 1955ರಲ್ಲಿ ಫಜಲ್ ಅಲಿ ಆಯೋಗವು ತುಂಗಭದ್ರಾ ಯೋಜನೆಯ ಅನುಕೂಲವನ್ನು ಮುಂದಿಟ್ಟು ಬಳ್ಳಾರಿಯ ಭಾಗವನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಕನ್ನಡಿಗರು ಒಪ್ಪಲಿಲ್ಲ, ಬಳ್ಳಾರಿ ಮೈಸೂರಿನಲ್ಲಿಯೇ ಉಳಿಯಿತು. ತುಂಗಭದ್ರೆಯ ನೀರು ಮಾತ್ರ ಮಂಡಳಿಯ ಮೂಲಕ ಎರಡೂ ಕಡೆ ಹರಿಯಿತು. ಅಂದು ಹಣದ ತರ್ಕ ನಮ್ಮ ವಿರುದ್ಧವಾಗಿತ್ತು. ನುಡಿಗಿಂತ ನೀರಾವರಿಯ ಲೆಕ್ಕವೇ ದೊಡ್ಡದೆಂದು ಒಪ್ಪಿದ್ದರೆ ಬಳ್ಳಾರಿ ಕೈ ಬಿಡುತ್ತಿತ್ತು. ಇಂದು ಅದೇ ತರ್ಕ ನಮಗೆ ಹಿತವಾಗಿ ತೋರಿತೆಂದು ಅದರ ಕೊರಳಿಗೆ ನಮ್ಮ ನುಡಿಯನ್ನು ಕಟ್ಟಿದರೆ, ನಾಳೆ ಲೆಕ್ಕ ತಿರುಗಿದಾಗ ನುಡಿಯೂ ಮುಳುಗೀತು. ಕನ್ನಡ ಶಾಲೆಯಿಂದ ಹೊಟ್ಟೆ ತುಂಬದು, ಮುಚ್ಚಿಬಿಡಿರಿ ಎನ್ನುವವರೂ ಈ ತಕ್ಕಡಿಯನ್ನೇ ಹಿಡಿದು ಬರುತ್ತಾರೆ.

ಆದುದರಿಂದ ಎರಡು ಅಹವಾಲುಗಳನ್ನು ಬೇರೆ ಬೇರೆಯಾಗಿ ಬರೆಯೋಣ. ರಸ್ತೆ, ನೀರುಗಳನ್ನು ತೆರಿಗೆ ಕೊಡುವ ಪ್ರಜೆಗಳಾಗಿ ಕೇಳೋಣ. ಅದಕ್ಕೆ ಗಡಿಯ ಬೆದರಿಕೆ ಬೇಕಾಗಬಾರದು. ಶಾಲೆಯನ್ನು ಕನ್ನಡಿಗರಾಗಿ ಕೇಳೋಣ; ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಗಡಿ ಎಲ್ಲಿಯೇ ನಿಲ್ಲಲಿ, ನ್ಯಾಯಾಲಯ ಏನೇ ಹೇಳಲಿ, ಈ ಜೂನಿನಲ್ಲಿ ನಮ್ಮ ಮಗು ಯಾವ ಶಾಲೆಯ ಪಟದಲ್ಲಿ ಹೆಸರು ಬರೆಯಿಸುತ್ತದೆ ಎಂಬುದು ನಮ್ಮ ಕೈಯಲ್ಲಿದೆ.