ಕಿವಿ ಮಷೀನ್ ಇದ್ರೂ ಮಾತು ಯಾಕೆ ಕೇಳಿಸಲ್ಲ?

ನಮ್ಮಜ್ಜಿಗೆ ಹಿಯರಿಂಗ್ ಏಡ್ ಇದೆ. ಎದುರಿಗೆ ಕೂತು ಮಾತಾಡಿದ್ರೆ ಚೆನ್ನಾಗೇ ಕೇಳಿಸುತ್ತೆ. ಮದುವೆ ಮನೆಗಳಲ್ಲಿ ಮಾತ್ರ ಸುಮ್ನೆ ನಕ್ಕು ತಲೆಯಾಡಿಸ್ತಾರೆ.

ಕಾರಣ, ದೂರ ಮತ್ತು ಗದ್ದಲ. ಮಾತಾಡುವವರು ದೂರವಾದಷ್ಟೂ ದನಿ ಕುಗ್ಗುತ್ತೆ, ಸುತ್ತಲಿನ ಗದ್ದಲ ಕುಗ್ಗಲ್ಲ. ಆಗ ಬರೀ ಏಡ್ ಸಾಲಲ್ಲ.

ಜೊತೆಗೆ ರಿಮೋಟ್ ಮೈಕ್ ಬೇಕು. ಮಾತಾಡುವವರ ಕಾಲರ್‌ಗೆ ಸಿಕ್ಕಿಸಿದ್ರೆ, ದನಿ ನೇರವಾಗಿ ಏಡ್‌ಗೆ ಬರುತ್ತೆ. ಐಫೋನ್‌ಗೆ ಹೊಂದುವ ಏಡ್ ಆದ್ರೆ, 'ಲೈವ್ ಲಿಸನ್' ಆನ್ ಮಾಡಿ ಫೋನನ್ನೇ ಮೈಕ್ ಮಾಡ್ಕೋಬಹುದು. ಆಂಡ್ರಾಯ್ಡ್‌ನಲ್ಲಿ 'ಲೈವ್ ಟ್ರಾನ್ಸ್‌ಕ್ರೈಬ್' ಇದೆ, ಆಡಿದ ಮಾತನ್ನು ಕನ್ನಡ ಅಕ್ಷರದಲ್ಲೇ ತೋರಿಸುತ್ತೆ.

ನಿಮ್ಮನೆಯವರ ಏಡ್‌ಗೆ ಯಾವುದು ಹೊಂದುತ್ತೆ ಅಂತ ಆಡಿಯಾಲಜಿಸ್ಟ್ ಹತ್ರ ಕೇಳಿ. ಜೋರಾಗಿ ಕಿರುಚೋದಕ್ಕಿಂತ, ಮೈಕ್ ಬಾಯಿ ಹತ್ರ ತರೋದು ಮೇಲು.