ನಾರಿನೊಳಗಿನ ಬಲ
(ಶಾಲಾ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ತೆಂಗಿನಕಾಯಿಯನ್ನು ಸುಲಿದು ಸಿಪ್ಪೆಯನ್ನು ಒಲೆಗೆ ಹಾಕುವುದು ನಮ್ಮ ಕಾಸರಗೋಡು ಸೀಮೆಯಲ್ಲಿ ಕಂಡುಬರುವ ವಾಡಿಕೆ. ಆ ಸಿಪ್ಪೆಯ ನಾರಿನಲ್ಲಿ ಅಡಗಿರುವ ಒಂದು ವಸ್ತುವಿನ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ. ಅದರ ಹೆಸರು ಸೆಲ್ಯುಲೋಸ್. 1838ರಲ್ಲಿ ಫ್ರಾನ್ಸ್ ದೇಶದ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನ ಶಾಸ್ತ್ರಜ್ಞನು ಇದನ್ನು ಸಸ್ಯಗಳಿಂದ ಬೇರ್ಪಡಿಸಿ ತೋರಿಸಿದನು.

ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಘಟಕಗಳು ಸರಪಳಿಯಂತೆ ಕೂಡಿದರೆ ಸೆಲ್ಯುಲೋಸ್ ಆಗುತ್ತದೆ. ಈ ಸರಪಳಿಗಳು ಒತ್ತಾಗಿ ಸಾಲುಗೂಡಿ ಒಂದನ್ನೊಂದು ಬಿಗಿದುಕೊಳ್ಳುವುದರಿಂದಲೇ ನಾರಿಗೆ ಬಲ. ಹತ್ತಿಯಲ್ಲಿ ನೂರಕ್ಕೆ 90ರಷ್ಟು ಸೆಲ್ಯುಲೋಸ್ ಉಂಟು. ತೆಂಗಿನ ನಾರಿನಲ್ಲಿ ಅದು ಅರ್ಧಕ್ಕಿಂತ ಕಡಮೆ. ಲಿಗ್ನಿನ್ ಎಂಬ ಗಡುಸು ಪದಾರ್ಥ ಹೆಚ್ಚು. ಆದುದರಿಂದಲೇ ಕತ್ತದ ಹಗ್ಗವು ನೀರಿನಲ್ಲಿ ಬೇಗನೆ ಕೊಳೆಯದು.

ಹಿರಿಯರು ಗೋಡೆಯ ಮಣ್ಣಿಗೆ ಬೈಹುಲ್ಲನ್ನು ಕಲಸುತ್ತಿದ್ದರು. ಮಣ್ಣು ಬಿರಿಯ ಹೊರಟರೆ ಹುಲ್ಲು ಹಿಡಿದು ನಿಲ್ಲಿಸುತ್ತದೆ. ಪ್ಲಾಸ್ಟಿಕ್ಕಿಗೆ ನಾರನ್ನು ಸೇರಿಸುವುದರಲ್ಲಿಯೂ ಇರುವುದು ಇದೇ ತತ್ತ್ವ. 1907ರಲ್ಲಿ ಬೇಕ್‌ಲ್ಯಾಂಡ್ ಎಂಬವನು ಕಂಡುಹಿಡಿದ ಬೇಕಲೈಟಿಗೆ ಮರದ ಹುಡಿಯನ್ನು ಬೆರೆಸುತ್ತಿದ್ದರು. ಪೂರ್ವ ಜರ್ಮನಿಯಲ್ಲಿ 1957ರಿಂದ ತಯಾರಾದ ಟ್ರಾಬಾಂಟ್ ಕಾರಿನ ಹೊರಮೈಯನ್ನು ಹತ್ತಿಯ ಉಳಿಕೆ ನಾರು ಮತ್ತು ರಾಳಗಳಿಂದ ಮಾಡಿದ್ದರು. ಇಂದು ಕಾರಿನ ಬಾಗಿಲುಗಳ ಒಳಹಲಗೆಗಳಿಗೆ ಅಗಸೆಯ ನಾರು, ಸೆಣಬು ಮುಂತಾದುವು ಬಳಕೆಯಾಗುತ್ತವೆ. ಗಾಜಿನ ನಾರು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರವಾದರೆ, ಸೆಲ್ಯುಲೋಸ್ ಒಂದೂವರೆ ಪಟ್ಟು ಮಾತ್ರ. ಭಾರ ತಗ್ಗಿದಷ್ಟೂ ಇಂಧನ ಉಳಿಯುತ್ತದೆ.

ಆದರೆ ಗುಣದೊಡನೆ ದೋಷವನ್ನೂ ಹೇಳಬೇಕು. ಸೆಲ್ಯುಲೋಸ್ ನೀರನ್ನು ಹೀರುತ್ತದೆ. ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚಿನವು ನೀರನ್ನು ಒಲ್ಲವು. ಎಣ್ಣೆ-ನೀರಿನಂತಿರುವ ಇವೆರಡರ ಬೆಸುಗೆ ಸಡಿಲವಾದರೆ ತೇವ ಒಳಹೊಕ್ಕು ನಾರು ಉಬ್ಬುತ್ತದೆ, ವಸ್ತು ಸೀಳುತ್ತದೆ. ಅದಕ್ಕಾಗಿ ನಾರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು, ಮೇಣವನ್ನು ತೆಗೆದು, ಮೈಯನ್ನು ತರಿಯಾಗಿಸುತ್ತಾರೆ. ಶಾಖವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೀರಿದರೆ ನಾರು ಕೆಡತೊಡಗುವುದರಿಂದ ಎಲ್ಲ ಪ್ಲಾಸ್ಟಿಕ್ಕುಗಳಿಗೂ ಇದು ಸಲ್ಲದು.

ಇನ್ನೊಂದು ಮಾತು ಮುಖ್ಯವಾದುದು. ಅಡಕೆಯ ಹಾಳೆಯ ತಟ್ಟೆ ಬರಿಯ ಹಾಳೆ. ಅದು ಮಣ್ಣಿನಲ್ಲಿ ಮಣ್ಣಾಗುತ್ತದೆ. ನಾರು ಬೆರೆತ ಮಾತ್ರಕ್ಕೆ ಕಲ್ಲೆಣ್ಣೆಯಿಂದಾದ ಪ್ಲಾಸ್ಟಿಕ್ ಮಣ್ಣಾಗದು. ಎರಡನ್ನೂ ಬೇರ್ಪಡಿಸುವುದು ಕೂಡ ಕಷ್ಟ. ಅಂಗಡಿಯಲ್ಲಿ ಹಸಿರು ಚೀಟಿ ಅಂಟಿಸಿದ ವಸ್ತುವನ್ನು ಕೊಳ್ಳುವಾಗ, ನಾರನ್ನು ಯಾವುದರಿಂದ ಬಂಧಿಸಿದೆ, ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ.

ಕನ್ನಡದಲ್ಲಿ ಓದಿದ ಮಕ್ಕಳಿಗೆ ವಿಜ್ಞಾನವು ದೂರವಾದೀತೆಂದು ಪೋಷಕರಲ್ಲಿ ಕೆಲವರು ಅಂಜುವುದುಂಟು. ನಾವು ಅವರನ್ನು ದೂರುವುದಿಲ್ಲ. ಮಕ್ಕಳ ಮುಂದಿನ ಬದುಕಿನ ಚಿಂತೆ ಅದು. ಆದರೆ ಬೈಹುಲ್ಲು ಗೋಡೆಯನ್ನು ಏಕೆ ಕಾಯುತ್ತದೆಂದು ತಾಯಿನುಡಿಯಲ್ಲಿ ಅರಿತ ಮಗುವಿಗೆ ಮುಂದಿನ ಪಾಠವನ್ನು ಯಾವ ನುಡಿಯಲ್ಲಿ ಹೇಳಿದರೂ ತಿಳಿದೀತು.

ವಿದ್ಯಾರ್ಥಿಗಳೇ, ಈ ವಾರ ಮನೆಯಲ್ಲಿ ಎರಡು ಮಣ್ಣಿನ ಹಲಗೆಗಳನ್ನು ಮಾಡಿರಿ. ಒಂದಕ್ಕೆ ಕತ್ತದ ನಾರನ್ನು ಸಣ್ಣಗೆ ಕತ್ತರಿಸಿ ಸೇರಿಸಿರಿ. ಇನ್ನೊಂದು ಬರಿಯ ಮಣ್ಣಿನದಾಗಿರಲಿ. ಒಣಗಿದ ಮೇಲೆ ಭಾರವಿಟ್ಟು, ಯಾವುದು ಮೊದಲು ಮುರಿಯುತ್ತದೆಂದು ನೋಡಿ ಬರೆದು ತನ್ನಿರಿ. ನಮ್ಮ ಮಾತಿಗಿಂತ ನಿಮ್ಮ ಕಣ್ಣೇ ಪ್ರಮಾಣ.