ಜಿದ್ದಿನ ಮನೆ



ಅಮೆರಿಕದ ವರ್ಜೀನಿಯಾ ಪ್ರಾಂತದ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಎರಡಂತಸ್ತಿನ ಮನೆಯೊಂದುಂಟು. ಅಗಲ ಸುಮಾರು 7 ಅಡಿ, ಉದ್ದ 25 ಅಡಿ. ಓಣಿಯಲ್ಲಿ ಕುದುರೆಗಾಡಿಗಳ ಗದ್ದಲ, ಪೋಲಿಗಳ ಕಾಟ. ಬೇಸತ್ತ ಜಾನ್ ಹಾಲೆನ್ಸ್‌ಬರಿ ಎಂಬಾತ 1830ರಲ್ಲಿ ಆ ಓಣಿಯನ್ನೇ ಮನೆಮಾಡಿ ಮುಚ್ಚಿಬಿಟ್ಟನಂತೆ. ಗಾಡಿಚಕ್ರಗಳು ಉಜ್ಜಿದ ಗುರುತು ಒಳಗೋಡೆಯ ಇಟ್ಟಿಗೆಯಲ್ಲಿ ಉಳಿದಿದೆ. ವಿನೋದವೆಂದರೆ, ಜಿದ್ದಿನಿಂದೆದ್ದ ಆ ಮನೆಗೆ ಪಕ್ಕದ ಗೋಡೆಗಳು ಸ್ವಂತದವಲ್ಲ. ಇಕ್ಕೆಲದ ಮನೆಗಳ ಗೋಡೆಗಳೇ ಅದಕ್ಕೂ ಗೋಡೆ. ಪರರನ್ನು ದೂರವಿಡಲು ಕಟ್ಟಿದ್ದು ನೆರೆಯವರ ಆಸರೆಯಲ್ಲೇ ನಿಂತಿದೆ.

ಪರಸ್ಥಳಕ್ಕೆ ಬಂದು ಇಕ್ಕಟ್ಟಾದ ಕೋಣೆಗಳಲ್ಲಿ ಸಂಸಾರ ಹೂಡಿದ ನಮಗೆ ಇದು ತಿಳಿಯದ ಮಾತಲ್ಲ. ಇಲ್ಲಿ ನಮ್ಮ ಕನ್ನಡದ ಮನೆಯೂ ಈ ಊರಿನ ಜನರ ಗೋಡೆಗೆ ಒರಗಿಯೇ ನಿಂತಿದೆ. ಮನೆ ಕಿರಿದಾದರೂ ಚಿಂತೆಯಿಲ್ಲ; ಬಾಗಿಲನ್ನು ಮಾತ್ರ ಯಾರಿಗೂ ಮುಚ್ಚದಿರೋಣ.